ಒಪ್ಪಿದ ದರಕ್ಕೇ ಮದುವೆ ಮುಗಿಸಿಕೊಡಿ
ಮದುವೆ ಕೆಲಸ ಹಿಡಿಯುವವರಿಗೆ ಒಂದು ಬಹಿರಂಗ ಪತ್ರ

ಕಲ್ಯಾಣ ಮಂಟಪಗಳ ಮಾಲೀಕರೇ, ಅಡುಗೆ ಕಾಂಟ್ರಾಕ್ಟರುಗಳೇ, ಸ್ಟೇಜ್ ಡೆಕೊರೇಶನ್, ಫೋಟೊ, ವಿಡಿಯೊ, ಮೇಕಪ್, ವಾಲಗ, ಶಾಮಿಯಾನ, ಬಸ್ಸು ಎಂದು ಒಂದೊಂದು ಹೊಣೆ ಹೊತ್ತು ನಮ್ಮ ಮನೆಗಳ ಮದುವೆ ದಡ ಸೇರಿಸುವ ಎಲ್ಲರೇ,



ನಿಮ್ಮಲ್ಲಿ ಹೆಚ್ಚಿನವರು ಆಡಿದ ಮಾತಿಗೆ ನಿಂತು ಕೆಲಸ ಮುಗಿಸುವವರು. ರಾತ್ರಿ ಎರಡು ಗಂಟೆಗೆ ಒಲೆ ಹಚ್ಚಿ, ಮುಹೂರ್ತದ ಹೊತ್ತಿಗೆ ಬೆನ್ನು ಬಿದ್ದು ಹೋಗಿದ್ದರೂ ನಗುಮುಖದಿಂದ ಪಂಕ್ತಿಗೆ ಬಡಿಸುವವರನ್ನು ಕಂಡಿದ್ದೇನೆ. ಅವರ ಮೇಲೆ ನನ್ನ ತಕರಾರಿಲ್ಲ. ಮದುವೆಗೆ ವಾರ ಇರುವಾಗ ಫೋನ್ ಮಾಡಿ "ಸಾರ್, ರೇಟು ಸ್ವಲ್ಪ ಜಾಸ್ತಿ ಆಗುತ್ತೆ, ಆ ಹಳೇ ಲೆಕ್ಕದಲ್ಲಿ ಆಗಲ್ಲ" ಎನ್ನುವವರು ನಿಮ್ಮ ನಡುವೆಯೇ ಇದ್ದಾರೆ, ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರಿಗೆ ಹೇಳಬೇಕಾದ್ದನ್ನು ಎಲ್ಲರಿಗೂ ಕೇಳಿಸುವಂತೆ ಹೇಳುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ನಮ್ಮಣ್ಣನ ಮಗಳ ಮದುವೆ. ಅಡುಗೆಯವರು ಎಲೆಗೆ 320 ರೂಪಾಯಿಯಂತೆ ಏಳುನೂರು ಎಲೆಗೆ ಒಪ್ಪಿದ್ದರು. ಮೆನು ಬರೆದುಕೊಂಡು, ಅಡ್ವಾನ್ಸ್ ತಗೊಂಡು, ತಾಂಬೂಲ ಹಾಕಿಕೊಂಡೇ ಎದ್ದು ಹೋಗಿದ್ದರು. ಲಗ್ನಪತ್ರಿಕೆ ಹಂಚಿ, ಚಪ್ಪರಕ್ಕೆ ಕಂಬ ನೆಡುವ ಹೊತ್ತಿಗೆ 380 ಎಂದರು. ಒಟ್ಟು 42,000 ರೂಪಾಯಿ ಹೆಚ್ಚು. ಕಾರಣ ಕೇಳಿದರೆ ಎಣ್ಣೆ, ಗ್ಯಾಸು, ಆಳು. ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂಬುದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅಣ್ಣ ಕೊಟ್ಟ. ನಾನು ಜಗಳಕ್ಕೆ ಹೊರಟರೆ ಅತ್ತಿಗೆ ತಡೆದರು: "ಬೀಗರ ಕಿವಿಗೆ ಬಿದ್ದರೆ ಏನಂದುಕೊಳ್ಳುತ್ತಾರೆ, ಸುಮ್ಮನಿರಪ್ಪ."

ಆ ಒಂದು ಮಾತಿನ ಮೇಲೆಯೇ ಈ ವ್ಯವಹಾರವೆಲ್ಲ ನಿಂತಿದೆ. ಮನೆಗೆ ಬಣ್ಣ ಹೊಡೆಯುವವನು ಅರ್ಧದಲ್ಲಿ ಕೂಲಿ ಏರಿಸಿದರೆ ಕೆಲಸ ನಿಲ್ಲಿಸಿ ಬೇರೆಯವನನ್ನು ಹುಡುಕಬಹುದು. ಗೋಡೆ ಒಂದು ತಿಂಗಳು ಕಾಯುತ್ತದೆ. ಮುಹೂರ್ತ ಕಾಯುವುದಿಲ್ಲ. ನಡುಹೊಳೆಯಲ್ಲಿ ಹುಟ್ಟು ಎತ್ತಿಟ್ಟು ಕೂಲಿ ಹೆಚ್ಚಿಸು ಎನ್ನುವ ಅಂಬಿಗನ ಲೆಕ್ಕ ಇದು. ಎಣ್ಣೆಯ ಬೆಲೆ ಏರಿದ್ದು ನಿಜವಿರಬಹುದು. ಆದರೆ ಮೂರು ತಿಂಗಳ ಹಿಂದೆಯೇ ಏರಿದ್ದ ಎಣ್ಣೆಯ ಸುದ್ದಿ ಮದುವೆಯ ವಾರದಲ್ಲೇ ನೆನಪಾಗುವುದೇಕೆ? ಹೆಣ್ಣಿನ ಅಪ್ಪ ಆಗ ದನಿ ಎತ್ತಲಾರ ಎಂಬುದು ನಿಮಗೆ ಚೆನ್ನಾಗಿ ಗೊತ್ತು.

ನಿಮ್ಮ ಕಷ್ಟ ನನಗೆ ತಿಳಿಯದ್ದೇನಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ, ಗುರುವೋ ಶುಕ್ರನೋ ಅಸ್ತನಾದರೆ ಇಲ್ಲ. 2024ರ ಮೇ, ಜೂನ್‌ನಲ್ಲಿ ಆ ಎರಡು ಅಸ್ತಗಳೂ ಬಂದು, ವರ್ಷದ ಸಂಪಾದನೆ ಕೈಗೆ ಬರುವ ಕಾಲದಲ್ಲೇ ಛತ್ರಗಳು ಬಾಗಿಲು ಹಾಕಿದ್ದವು. ಹೋಟೆಲಿನವರು ಮತ್ತು ನೀವು ಬಳಸುವ 19 ಕಿಲೋ ಗ್ಯಾಸ್ ಸಿಲಿಂಡರಿನ ದರ ತಿಂಗಳ ಮೊದಲ ದಿನ ಬದಲಾಗುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಸೂರ್ಯಕಾಂತಿ ಎಣ್ಣೆಯನ್ನು ತುಟ್ಟಿ ಮಾಡಿತು. ಅದೇ ವರ್ಷ ಏಪ್ರಿಲ್ ಕೊನೆಗೆ ಇಂಡೊನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಖಾದ್ಯ ತೈಲಗಳ ಆಮದು ಸುಂಕ ಏರಿಸಿತು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಸಾರು ಮಾಡುವುದೇ ದುಬಾರಿ ಎನಿಸಿತ್ತು. ಇದೆಲ್ಲ ಸುಳ್ಳಲ್ಲ.

ಆದರೆ ಅದೇ ಟೊಮೆಟೊ ಕೋಲಾರದ ರಸ್ತೆ ಬದಿಗೆ ಸುರಿಯುವಷ್ಟು ಅಗ್ಗವಾದಾಗ "ಸಾರ್, ಎಲೆಗೆ ಹತ್ತು ರೂಪಾಯಿ ಇಳಿಸಿಕೊಳ್ಳಿ" ಎಂದು ಫೋನ್ ಮಾಡಿದ ಕಾಂಟ್ರಾಕ್ಟರನ್ನು ನಾನು ಈವರೆಗೆ ಕಂಡಿಲ್ಲ. ಇಳಿದಾಗ ಬರುವ ಲಾಭ ನಿಮ್ಮದಾದರೆ ಏರಿದಾಗ ಆಗುವ ನಷ್ಟವೂ ನಿಮ್ಮದೇ. ದರ ಒಪ್ಪಿಕೊಳ್ಳುವುದು ಎಂದರೆ ಆ ಎರಡನ್ನೂ ಒಪ್ಪಿಕೊಳ್ಳುವುದು.

ಕಾನೂನು ಹೇಳುವುದೂ ಇದನ್ನೇ. ಅದಕ್ಕೆ ನಿಮ್ಮ ಕಸುಬಿನ ಒಳಗಿನದೇ ಎನ್ನಬಹುದಾದ ಒಂದು ಮೊಕದ್ದಮೆ ಇದೆ. 1937ರಲ್ಲಿ ಅಲೋಪಿ ಪರ್ಷಾದ್ ಎಂಬ ಸಂಸ್ಥೆ ಸೇನೆಗೆ ಬೇಕಾದ ತುಪ್ಪ ಕೊಂಡುಕೊಡುವ ಏಜೆಂಟರಾಗಿ ಭಾರತ ಸರ್ಕಾರದೊಡನೆ ಕರಾರು ಮಾಡಿಕೊಂಡಿತು. ಎರಡನೇ ಮಹಾಯುದ್ಧ ಬಂತು. ಸೈನ್ಯ ಬೆಳೆಯಿತು, ತುಪ್ಪದ ಬೇಡಿಕೆ ಬೆಳೆಯಿತು, ಖರ್ಚು ಏರಿತು. ಕಾಲ ಬದಲಾಗಿದೆ, ಕರಾರಿನ ದರ ಸಾಲದು, ಹೆಚ್ಚು ಕೊಡಿ ಎಂದು ಏಜೆಂಟರು ಕೇಳಿದರು. ಸುಪ್ರೀಂ ಕೋರ್ಟ್ 1960ರಲ್ಲಿ ಒಪ್ಪಲಿಲ್ಲ. ಕರಾರಿನ ಪ್ರಕಾರ ನಡೆಯುವುದು ಭಾರವಾಯಿತು ಎಂಬ ಮಾತ್ರಕ್ಕೆ ಕರಾರು ಸಡಿಲವಾಗದು ಎಂದಿತು. ಮಹಾಯುದ್ಧವೇ ಸಾಕಾಗದ ಕಾರಣವಾದರೆ, ಮಾರ್ಚ್‌ನಿಂದ ಮೇ ನಡುವೆ ಎಣ್ಣೆ ಟಿನ್ನಿನ ಬೆಲೆ ಏರಿದ್ದು ಯಾವ ಲೆಕ್ಕ?

"ನಾವು ಕಾಗದದಲ್ಲಿ ಏನೂ ಬರೆದುಕೊಟ್ಟಿಲ್ಲವಲ್ಲ" ಎನ್ನುತ್ತೀರಿ. 1872ರ ಕರಾರು ಕಾಯ್ದೆಗೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ರುಜುವಾತು ಬೇಕು, ಅಷ್ಟೆ. ಆ ರುಜುವಾತು ಈಗ ಎಲ್ಲರ ಜೇಬಿನಲ್ಲೂ ಇದೆ. "ಎಲೆಗೆ 320, 700 ಎಲೆ, 50 ಸಾವಿರ ಅಡ್ವಾನ್ಸ್ ಕಳಿಸಿದ್ದೇನೆ" ಎಂಬ ವಾಟ್ಸಾಪ್ ಸಂದೇಶಕ್ಕೆ ನೀವು ಒತ್ತಿದ ಹೆಬ್ಬೆಟ್ಟಿನ ಗುರುತೂ, ಫೋನ್‌ಪೇ ರಸೀತಿಯೂ ಸಾಕ್ಷಿಯಾಗುತ್ತವೆ. ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗದು ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ.

ಕರಾರಿನ ಷರತ್ತು ಬದಲಾಯಿಸಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಇದು ಅದೇ 1872ರ ಕಾಯ್ದೆಯ 62ನೇ ಕಲಮು. ಒಬ್ಬರೇ ಫೋನ್ ಮಾಡಿ ತಿಳಿಸಿದರೆ ಅದು ಬದಲಾವಣೆಯಲ್ಲ, ಬೇಡಿಕೆ. ಇಲ್ಲಿ ಮದುವೆ ಮನೆಯವರಿಗೂ ಒಂದು ಮಾತು: ಈ ಬೇಡಿಕೆಗೆ "ಆಯಿತು ಬಿಡಿ" ಎಂದು ಉತ್ತರಿಸಿದರೆ ನಾಳೆ ಅದೇ ಒಪ್ಪಿಗೆ ಎಂದು ವಾದ ಹೂಡುತ್ತಾರೆ. ಬೇರೆ ದಾರಿಯಿಲ್ಲದೆ ಕೊಡಲೇಬೇಕಾಗಿ ಬಂದರೂ, "ಒಪ್ಪಿದ ದರ ಇಷ್ಟು, ಮದುವೆ ನಿಲ್ಲಬಾರದೆಂದು ಹೆಚ್ಚಿನ ಇಷ್ಟನ್ನು ಆಕ್ಷೇಪಿಸುತ್ತಲೇ ಕೊಡುತ್ತಿದ್ದೇನೆ, ವಾಪಸ್ ಕೇಳುವ ಹಕ್ಕು ಬಿಟ್ಟಿಲ್ಲ" ಎಂದು ಎರಡು ಸಾಲು ಕಳಿಸಿ, ನಗದು ಬಿಟ್ಟು ಬ್ಯಾಂಕಿನ ಮೂಲಕ ಕೊಡಿ. ನಮ್ಮಣ್ಣ ಇದನ್ನು ಮಾಡಲಿಲ್ಲ. ನೋಟಿನ ಕಟ್ಟು ಎಣಿಸಿ ಕೊಟ್ಟ.

ಇನ್ನು ಗ್ರಾಹಕ ಸಂರಕ್ಷಣಾ ಕಾಯ್ದೆ. 2019ರದ್ದು, 2020ರ ಜುಲೈ 20ರಿಂದ ಜಾರಿಗೆ ಬಂದದ್ದು. ಯಾವುದರ ಮೇಲೆ ದೂರು ಕೊಡಬಹುದು ಎಂದು ಹೇಳುವ ಭಾಗದಲ್ಲಿ ಅದು ಬೆಲೆಯ ವಿಚಾರ ಎತ್ತುತ್ತದೆ. ಕಾನೂನು ನಿಗದಿ ಮಾಡಿದ ಬೆಲೆಗಿಂತ ಹೆಚ್ಚು ತಗೊಂಡರೆ ದೂರು. ಪೊಟ್ಟಣದ ಮೇಲಿನ ಬೆಲೆಗಿಂತ ಹೆಚ್ಚು ತಗೊಂಡರೆ ದೂರು. ನೀವೇ ತೂಗುಹಾಕಿದ ದರಪಟ್ಟಿಗಿಂತ ಹೆಚ್ಚು ತಗೊಂಡರೆ ದೂರು. ಕೊನೆಯದು, ಎರಡೂ ಕಡೆಯವರು ಒಪ್ಪಿಕೊಂಡ ಬೆಲೆಗಿಂತ ಹೆಚ್ಚು ತಗೊಂಡರೂ ದೂರು. ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಐದು ರೂಪಾಯಿ ಹೆಚ್ಚು ಕೇಳಿದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ವಾದ ಮಾಡುವ ನಾವು, ಎಲೆಗೆ ಅರವತ್ತು ರೂಪಾಯಿ ಹೆಚ್ಚು ಕೊಟ್ಟು ಬೀಗರ ಮುಂದೆ ನಗುತ್ತೇವೆ. ಕಾಯ್ದೆಯ ಕಣ್ಣಿಗೆ ಎರಡೂ ಒಂದೇ ಸಾಲಿನಲ್ಲಿವೆ.

ಮಂಟಪದ ಮಾಲೀಕರು ಕೆಲವರು ಬೇರೊಂದು ವಾದ ಹೂಡುತ್ತಾರೆ: ನಾವು ಕಟ್ಟಡ ಬಾಡಿಗೆಗೆ ಕೊಡುವವರು, ಗ್ರಾಹಕ ಕಾಯ್ದೆಗೂ ನಮಗೂ ಏನು ಸಂಬಂಧ ಎಂದು. 1997ರಲ್ಲಿ ಮಂಟಪಗಳ ಮೇಲೆ ಸೇವಾ ತೆರಿಗೆ ಬಂದಾಗಲೂ ಇಂಥದೇ ವಾದ ಎದ್ದಿತ್ತು. ತಮಿಳುನಾಡಿನ ಕಲ್ಯಾಣ ಮಂಟಪಗಳ ಸಂಘ ಅದನ್ನು ಸುಪ್ರೀಂ ಕೋರ್ಟಿನ ತನಕ ಒಯ್ದಿತು. 2004ರಲ್ಲಿ ಕೋರ್ಟ್, ಜಾಗವನ್ನು ಮಂಟಪವಾಗಿ ಬಳಸಲು ಕೊಡುವುದೇ ಒಂದು ಸೇವೆ ಎಂದು ತೀರ್ಪಿತ್ತಿತು. ಅದು ತೆರಿಗೆಯ ಮೊಕದ್ದಮೆ, ನಿಜ. ಆದರೂ ಸರ್ಕಾರಕ್ಕೆ ತೆರಿಗೆ ಕಟ್ಟುವಾಗ ಸೇವೆ, ಗಿರಾಕಿ ಪ್ರಶ್ನಿಸಿದಾಗ ಬರೀ ಕಟ್ಟಡ ಎನ್ನುವುದು ನಿಲ್ಲುವ ವಾದವಲ್ಲ.

ಮಂಟಪದವರ ದರ ಏರಿಕೆಗೆ ಫೋನೂ ಬೇಕಿಲ್ಲ. ಬಾಡಿಗೆ ಒಪ್ಪಿದಷ್ಟೇ ಇರುತ್ತದೆ. ಕೊನೆಯ ಬಿಲ್ಲಿನಲ್ಲಿ ಕರೆಂಟು, ಜನರೇಟರಿನ ಡೀಸೆಲ್, ಕಸ, ಕ್ಲೀನಿಂಗ್, ಪಾತ್ರೆ, ನೀರಿನ ಟ್ಯಾಂಕರ್, ಹೊರಗಿನ ಡೆಕೊರೇಶನ್‌ನವರನ್ನು ಕರೆತಂದದ್ದಕ್ಕೆ ಇಷ್ಟು ಎಂದು ಸಾಲು ಸಾಲು ಬೆಳೆಯುತ್ತದೆ. ಮೇಲೆ ಜಿಎಸ್‌ಟಿ. ಮೊದಲ ದಿನ ಇವನ್ನೆಲ್ಲ ಹೇಳಿದ್ದರೆ ಗಿರಾಕಿ ಪಕ್ಕದ ಬೀದಿಯ ಮಂಟಪವನ್ನೂ ಒಮ್ಮೆ ವಿಚಾರಿಸುತ್ತಿದ್ದ. ಹೇಳದೆ ಇರುವುದು ಮರೆವಿನಿಂದಲ್ಲ ಎಂದೇ ನನ್ನ ಅನುಮಾನ. ಹೆಣ್ಣನ್ನು ಕಳಿಸಿಕೊಟ್ಟು ಕಣ್ಣು ಒರೆಸಿಕೊಳ್ಳುತ್ತಿರುವ ಮನೆಯವರ ಮುಂದೆ ಆ ಬಿಲ್ಲು ಹಿಡಿದು ಮ್ಯಾನೇಜರ್ ನಿಲ್ಲುತ್ತಾನೆ, ಇತ್ತ ಪಾತ್ರೆ ಸಾಮಾನಿನ ಕೋಣೆಯ ಬೀಗದ ಕೈ ಅವನ ಬಳಿಯೇ ಇರುತ್ತದೆ.

ರಸೀತಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ತೋರಿಸಿ "ದರಗಳು ಮುನ್ಸೂಚನೆ ಇಲ್ಲದೆ ಬದಲಾಗಬಹುದು, ಮುಂಗಡ ಹಿಂತಿರುಗಿಸಲಾಗುವುದಿಲ್ಲ ಅಂತ ಬರೆದಿದೆಯಲ್ಲ ಸಾರ್" ಎನ್ನುವವರಿಗೂ ಕಾಯ್ದೆಯಲ್ಲಿ ಉತ್ತರವಿದೆ. ಗ್ರಾಹಕನ ಹಕ್ಕನ್ನು ಗಣನೀಯವಾಗಿ ಕಡಿಮೆ ಮಾಡುವ, ವಿಪರೀತ ಠೇವಣಿ ಕೇಳುವ, ತಪ್ಪಿಗೆ ತಕ್ಕದ್ದಲ್ಲದ ದಂಡ ಹಾಕುವ, ಸಕಾರಣವಿಲ್ಲದೆ ಒಬ್ಬರೇ ರದ್ದು ಮಾಡಬಹುದಾದ ಕರಾರನ್ನು ಅದು ಅನ್ಯಾಯದ ಕರಾರು ಎಂದು ಕರೆದಿದೆ. ಆ ಷರತ್ತನ್ನೇ ಪ್ರಶ್ನಿಸುವುದಾದರೆ ಜಿಲ್ಲಾ ಗ್ರಾಹಕ ಆಯೋಗ ಸಾಲದು, ರಾಜ್ಯ ಆಯೋಗಕ್ಕೆ ಹೋಗಬೇಕು. ಹೆಚ್ಚು ಹಣ ತಗೊಂಡದ್ದಕ್ಕಾದರೆ ಜಿಲ್ಲಾ ಆಯೋಗವೇ ಸಾಕು. ಬಿಲ್ಲು ಕೊಡದಿರುವುದೂ ಇದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. "ಬಿಲ್ಲು ಬೇಕಾದರೆ ಇನ್ನೊಂದಿಷ್ಟು ಆಗುತ್ತೆ" ಎಂಬ ಮಾತನ್ನು ಹೇಳುವ ಮೊದಲು ಇದು ನೆನಪಿರಲಿ.

ಇನ್ನು, "ಕೊಡದಿದ್ದರೆ ಬುಕಿಂಗ್ ಕ್ಯಾನ್ಸಲ್, ಅಡ್ವಾನ್ಸೂ ಬರಲ್ಲ" ಎಂಬ ಗದರಿಕೆ. ಇಲ್ಲಿ ಮಾತು ತಪ್ಪಿದವರು ನೀವು. ಗಿರಾಕಿ ತಪ್ಪಿದಾಗಲೂ ಇಡೀ ಮುಂಗಡ ನುಂಗುವಂತಿಲ್ಲ. ಕರಾರು ಕಾಯ್ದೆಯ 74ನೇ ಕಲಮು ಕೊಡಿಸುವುದು ಯುಕ್ತ ಪರಿಹಾರವನ್ನು ಮಾತ್ರ. ನೀವೇ ತಪ್ಪಿದಾಗಲಂತೂ ಮುಂಗಡ ಹಿಂತಿರುಗಿಸಿದರೂ ಹೊಣೆ ತೀರುವುದಿಲ್ಲ. 73ನೇ ಕಲಮಿನ ಕೆಳಗೆ ಕಾಯ್ದೆ ಬರೆದವರು ಮೊದಲ ಉದಾಹರಣೆಯಾಗಿ ಪೆಟ್ಲುಪ್ಪನ್ನು ತೆಗೆದುಕೊಂಡಿದ್ದಾರೆ: ಒಬ್ಬ 50 ಮಣ ಪೆಟ್ಲುಪ್ಪು ಇಂತಿಷ್ಟಕ್ಕೆ ಕೊಡುತ್ತೇನೆಂದು ಒಪ್ಪಿ ಕೈಕೊಟ್ಟರೆ, ಕೊಡಬೇಕಾದ ಹೊತ್ತಿಗೆ ಅಂಥದೇ ಸರಕಿಗೆ ಇದ್ದ ಬೆಲೆಗೂ ಒಪ್ಪಿದ ಬೆಲೆಗೂ ಇರುವ ವ್ಯತ್ಯಾಸವನ್ನು ಅವನು ತೆರಬೇಕು. ಪೆಟ್ಲುಪ್ಪಿನ ಜಾಗದಲ್ಲಿ ಎಲೆ ಊಟ ಇಡಿ. ನೀವು 320ಕ್ಕೆ ಒಪ್ಪಿ ಕೈಬಿಟ್ಟು, ಮನೆಯವರು ಕೊನೆ ಗಳಿಗೆಯಲ್ಲಿ ಬೇರೆಯವರಿಂದ 450ಕ್ಕೆ ಮಾಡಿಸಿಕೊಂಡರೆ ನಡುವಿನ 130 ನಿಮ್ಮ ತಲೆಗೆ ಬರುತ್ತದೆ. ಮೇಲೆ ಮಾನಸಿಕ ಕ್ಲೇಶಕ್ಕೆ, ಮೊಕದ್ದಮೆ ಖರ್ಚಿಗೆ ಎಂದು ಆಯೋಗ ಕೊಡಿಸುವ ಮೊತ್ತ ಬೇರೆ.

ಯಾರು ಆಯೋಗದ ತನಕ ಹೋಗುತ್ತಾರೆ ಎಂಬ ಧೈರ್ಯ ನಿಮಗಿದೆ. ಈತನಕ ಅದು ಹುಸಿಯೂ ಆಗಿಲ್ಲ. ಆದರೆ ಹೋಗುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಐವತ್ತು ಲಕ್ಷದ ತನಕ ಜಿಲ್ಲಾ ಆಯೋಗದಲ್ಲೇ ಮುಗಿಯುತ್ತದೆ. ವಕೀಲರು ಬೇಕೇ ಬೇಕೆಂದಿಲ್ಲ. ಮದುವೆ ನಡೆದ ಊರಿಗೆ ಅಲೆಯಬೇಕಿಲ್ಲ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ಎರಡು ವರ್ಷ ಕಾಲಾವಕಾಶವಿದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆ ಹೇಳಿದರೂ ಅಷ್ಟರಲ್ಲಿ ಮುಗಿಯುವುದು ಅಪರೂಪ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆದೇಶ ಬಂದ ಮೇಲೂ ಪಾಲಿಸದಿದ್ದರೆ ಒಂದು ತಿಂಗಳಿಂದ ಮೂರು ವರ್ಷದ ತನಕ ಸೆರೆ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ.

ಇನ್ನೂ ಒಂದು ಸಂಗತಿ ನಿಮಗೆ ಹೊಳೆದಿರಲಿಕ್ಕಿಲ್ಲ. ಹಣ ಕೊಟ್ಟವನೊಬ್ಬನೇ ಗ್ರಾಹಕನಲ್ಲ. ಅವನ ಒಪ್ಪಿಗೆಯಿಂದ ಸೇವೆ ಪಡೆದವರೂ ಕಾಯ್ದೆಯಲ್ಲಿ ಗ್ರಾಹಕರೇ. ಅಪ್ಪ ಬೀಗರಿಗೆ ಅಂಜಿ ಸುಮ್ಮನಾಗಬಹುದು. ಮದುಮಗಳಿಗೆ ಆ ಅಂಜಿಕೆ ಇಲ್ಲ. ದೂರು ಅವಳೇ ಬರೆದು ಹಾಕಬಹುದು.

ಬೆಲೆ ಬದಲಾಗಲೇಬಾರದು ಎಂಬ ಹಟ ನನ್ನದಲ್ಲ. ಚಿನ್ನವನ್ನು ಆ ದಿನದ ದರಕ್ಕೆ ಕೊಳ್ಳುತ್ತೇವೆ, ಯಾರೂ ಗೊಣಗುವುದಿಲ್ಲ. ಉಡುಪಿ ಸೀಮೆಯ ಶಂಕರಪುರ ಮಲ್ಲಿಗೆಗೆ ಅಟ್ಟೆಯ ದರ ದಿನದಿನಕ್ಕೂ ಬೇರೆ. ಮದುವೆ ಹೆಚ್ಚಿದ ದಿನ ಏರುತ್ತದೆ, ಮರುವಾರ ಇಳಿಯುತ್ತದೆ, ಅಲ್ಲಿನವರಿಗೆಲ್ಲ ಅದು ಗೊತ್ತು. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕನಕಾಂಬರ ಕೇಳಲು ಹೋಗುವವರೂ ಸಿದ್ಧರಾಗಿಯೇ ಹೋಗಿರುತ್ತಾರೆ. ಇವುಗಳಲ್ಲಿ ದರ ಏರುವುದೂ ಇಳಿಯುವುದೂ ವ್ಯವಹಾರದ ಭಾಗವೆಂದು ಇಬ್ಬರೂ ಮೊದಲೇ ಒಪ್ಪಿದ್ದಾರೆ. ನಿಮಗೂ ಎಣ್ಣೆ, ಗ್ಯಾಸಿನ ಭಯವಿದ್ದರೆ ಹಾಗೆಯೇ ಬರೆಯಿರಿ: ಎಣ್ಣೆ ಟಿನ್ನಿಗೆ ಇಂತಿಷ್ಟು ದಾಟಿದರೆ ಎಲೆಗೆ ಇಷ್ಟು ಹೆಚ್ಚು, ಇಳಿದರೆ ಇಷ್ಟು ಕಡಿಮೆ, ಮದುವೆಗೆ ಒಂದು ತಿಂಗಳ ಮೊದಲು ಕೊನೆಯ ಲೆಕ್ಕ. ಅದಕ್ಕೆ ಸಹಿ ಹಾಕಲು ಯಾವ ಹೆಣ್ಣಿನ ಅಪ್ಪನೂ ಹಿಂದೆ ಮುಂದೆ ನೋಡುವುದಿಲ್ಲ. ಅಥವಾ ಮೊದಲೇ 350 ಕೇಳಿ. ಕಡಿಮೆ ಹೇಳಿ ಕೆಲಸ ಹಿಡಿದು, ಆಮೇಲೆ ಏರಿಸುವ ಪೈಪೋಟಿಯಲ್ಲಿ ಸೋಲುವವರು ನಿಮ್ಮ ಪೈಕಿಯವರೇ: ಮೊದಲ ದಿನವೇ ನಿಜವಾದ ದರ ಹೇಳಿದ ಪ್ರಾಮಾಣಿಕ ಅಡುಗೆಯವರು.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ಐನೂರು ಎಲೆ ಎಂದು ಹೇಳಿ ಆರುನೂರೈವತ್ತು ಜನರನ್ನು ಕರೆಯುವವರು ನಾವು. ಹಿಂದಿನ ರಾತ್ರಿ ವರಪೂಜೆಗೆ ಇನ್ನೊಂದು ಸಿಹಿ ಸೇರಿಸಿ, ಚಾಟ್ ಕೌಂಟರೂ ಇರಲಿ ಎಂದು ಸೋದರಮಾವ ಹೇಳಿದ್ದನ್ನು ಮಾರನೆಯ ದಿನ ಯಾರೂ ಹೇಳಲೇ ಇಲ್ಲ ಎನ್ನುವವರೂ ನಾವೇ. ಎಲೆ ಎಣಿಸುವ ಹೊತ್ತಿಗೆ ನಡೆಯುವ ಜಗಳದಲ್ಲಿ ಎಷ್ಟೋ ಸಲ ನ್ಯಾಯ ನಿಮ್ಮ ಕಡೆಗೇ ಇರುತ್ತದೆ. ಹೆಚ್ಚು ಎಲೆಗೆ ಹೆಚ್ಚು ಹಣ ಕೊಡಲೇಬೇಕು. ಅದು ದರ ಏರಿಕೆಯಲ್ಲ, ಹೆಚ್ಚಿನ ಕೆಲಸ. ಇನ್ನು, ಇಷ್ಟೆಲ್ಲ ರಗಳೆ ಯಾಕೆ, ಕುವೆಂಪು ಹಾಕಿಕೊಟ್ಟ ಮಂತ್ರಮಾಂಗಲ್ಯದಂತೆ ಸರಳವಾಗಿ ಮದುವೆಯಾಗಿ ಎನ್ನುವ ಗೆಳೆಯರ ಮಾತು ಸರಿಯೇ. ಆದರೆ ಅದ್ದೂರಿ ಮದುವೆ ಮಾಡುವವನಿಗೆ ಮೋಸವಾದರೆ ಅದು ಅವನಿಗೆ ತಕ್ಕ ಶಿಕ್ಷೆ ಎಂಬ ಧಾಟಿಯನ್ನು ನಾನು ಒಪ್ಪಲಾರೆ. ಸಾಲ ಮಾಡಿ ಮದುವೆ ಮಾಡುವವನು ದಡ್ಡನಿರಬಹುದು, ಅವನ ಒಪ್ಪಂದಕ್ಕೆ ಬೆಲೆ ಇಲ್ಲವೆಂದಲ್ಲ.

ಕೊನೆಗೆ ನನ್ನ ಕೋರಿಕೆ ಚಿಕ್ಕದು. ಮುಂದಿನ ಮಾಘ, ಫಾಲ್ಗುಣದ ಬುಕಿಂಗಿಗೆ ರಸೀತಿ ಪುಸ್ತಕ ಅಚ್ಚು ಹಾಕಿಸುವಾಗ ಅರ್ಧ ಪುಟ ಹೆಚ್ಚು ಮಾಡಿಸಿ. ಒಪ್ಪಿದ ದರ, ಎಲೆಯ ಸಂಖ್ಯೆ, ಮೆನು, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಕರೆಂಟು, ಡೀಸೆಲ್, ಕ್ಲೀನಿಂಗ್ ಯಾರದು, ಯಾರೇ ರದ್ದು ಮಾಡಿದರೂ ಎಷ್ಟು ಹಿಂತಿರುಗಿಸುವುದು ಎಂದು ಬರೆದು, ಇಬ್ಬರೂ ಸಹಿ ಹಾಕಿ, ಒಂದು ಪ್ರತಿ ಮನೆಯವರಿಗೆ ಕೊಡಿ. ನಮ್ಮ ನೆಂಟರಿಷ್ಟರಲ್ಲಿ ಈ ವರ್ಷ ಮದುವೆ ಮಾಡುವ ಎಲ್ಲರಿಗೂ ನಾನು ಹೇಳಿದ್ದೇನೆ: ಈ ಕಾಗದ ಬರೆದುಕೊಡದವರಿಗೆ ಅಡ್ವಾನ್ಸ್ ಕೊಡಬೇಡಿ.

ಇಂತಿ,
ನಿಮ್ಮ ಗಿರಾಕಿಗಳಲ್ಲೊಬ್ಬ